ಟೊಂಕದ ನೋವು, ತಾಳದ ಸದ್ದು

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಜೋಳ ಬಿತ್ತುವುದಕ್ಕೂ ಭತ್ತದ ಸಸಿ ಹಚ್ಚುವುದಕ್ಕೂ ಬೆನ್ನಿನ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ಕೂರಿಗೆಯ ಹಿಂದೆ ಹೋಗುವವರು ನೆಟ್ಟಗೆ ನಿಂತು ನಡೆಯುತ್ತಾರೆ. ಸಸಿ ಹಚ್ಚುವ ಹೆಂಗಸು ಕೆಸರಿನಲ್ಲಿ ಕಾಲು ಹೂತು, ನಡ ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ ಹೊತ್ತು ಇಳಿಯುವವರೆಗೆ ಹಾಗೆಯೇ ಇರುತ್ತಾಳೆ. ಅದು ಮುಗಿದರೆ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು. ಅದೂ ಇಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ, ಕಾಂಕ್ರೀಟು ಹೊರುವುದು. ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ಸಿಗುವ ದೋರನಹಳ್ಳಿಯಾಗಲಿ, ಅದರ ಸುತ್ತಲಿನ ಊರುಗಳಾಗಲಿ, ನಲವತ್ತು ದಾಟಿದ ಹೆಂಗಸರು ಕಟ್ಟೆಯ ಮೇಲೆ ಕೂಡಿದರೆ ಟೊಂಕದ ಮಾತು, ಮೊಣಕಾಲಿನ ಮಾತು ಬಾರದೆ ಇರುವುದಿಲ್ಲ.

ಅದೇ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಭಜನೆ ಕೂರುತ್ತದೆ, ಶ್ರಾವಣವಾದರೆ ತಿಂಗಳಿಡೀ. ಪೇಟಿ, ತಬಲಾ, ಏಕತಾರಿ, ದಮ್ಮಡಿ, ಕೈತಾಳ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಕೃಷ್ಣೆಯ ದಂಡೆಯ ತಿಂಥಣಿಯ ಮೋನಪ್ಪಯ್ಯನ ವಚನಗಳು. ಹಗಲೆಲ್ಲ ಟೊಂಕ ಹಿಡಿದುಕೊಂಡು ಓಡಾಡಿದ ಮುದುಕರು ನಡುರಾತ್ರಿಯವರೆಗೆ ಚಕ್ಕಳಮಕ್ಕಳ ಹಾಕಿ ಕುಳಿತು ತಾಳ ಬಡಿಯುತ್ತಾರೆ. "ಪದಾ ಹಾಡೂ ಮುಂದ ನೋವು ನೆಪ್ಪಾಗಂಗಿಲ್ರೀ" ಎನ್ನುವವರು ಈ ಸೀಮೆಯಲ್ಲಿ ಬಹಳ. ಇದನ್ನು ಭಕ್ತಿಯ ಮಾತೆಂದು ಪಕ್ಕಕ್ಕಿಡುವುದು ಸುಲಭ. ನಾನು ಅದನ್ನು ಒಂದು ವೀಕ್ಷಣೆ ಎಂದೇ ತೆಗೆದುಕೊಳ್ಳುತ್ತೇನೆ. ಕಳೆದ ಅರವತ್ತು ವರ್ಷಗಳಲ್ಲಿ ಪ್ರಯೋಗಾಲಯಗಳು ಇದೇ ವೀಕ್ಷಣೆಯ ಸುತ್ತ ತಿರುಗಿವೆ. ಸದ್ದಿಗೆ ನೋವನ್ನು ಇಳಿಸುವ ಶಕ್ತಿ ಇದೆಯೇ? ಇದ್ದರೆ ಎಷ್ಟು, ಎಲ್ಲಿಂದ?

ಮೊದಲು ನೋವಿನ ಬಗ್ಗೆ ಎರಡು ಮಾತು. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. 2020ರ ಅಂದಾಜಿನಂತೆ ಬೆನ್ನಿನ ಕೆಳಭಾಗದ ನೋವೊಂದರಿಂದಲೇ ನರಳುವವರು ಜಗತ್ತಿನಲ್ಲಿ 61.9 ಕೋಟಿ ಜನ. ಮುಳ್ಳು ಚುಚ್ಚಿದಾಗಿನ ನೋವು ಒಂದು ಸುದ್ದಿ: ಕಾಲು ಹಿಂದೆ ತೆಗೆ ಎನ್ನುತ್ತದೆ, ತೆಗೆದ ಮೇಲೆ ಸುಮ್ಮನಾಗುತ್ತದೆ. ವರ್ಷಗಟ್ಟಲೆ ಇರುವ ಟೊಂಕದ ನೋವು ಹಾಗಲ್ಲ. ಪೆಟ್ಟಾದ ಸ್ನಾಯು ಮಾಯ್ದ ಮೇಲೂ ಬೆನ್ನುಹುರಿಯ ನರಕೋಶಗಳು ಚುರುಕಾಗಿಯೇ ಉಳಿದು, ಸಣ್ಣ ಒತ್ತಡವನ್ನೂ ದೊಡ್ಡ ನೋವೆಂದು ಮಿದುಳಿಗೆ ತಿಳಿಸತೊಡಗುತ್ತವೆ. ನಿದ್ದೆಗೆಟ್ಟರೆ, ಚಿಂತೆ ಹತ್ತಿದರೆ, ನಾಳೆಯ ಕೂಲಿ ತಪ್ಪುತ್ತದೆಂಬ ಭಯ ಬಂದರೆ ಅದು ಇನ್ನೂ ಏರುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಆ ನೋವು ಸುಳ್ಳಲ್ಲ. "ನಿನಗೇನೂ ಆಗಿಲ್ಲ" ಎಂದು ಹೇಳಿ ಕಳಿಸುವುದು ಆ ಹೆಂಗಸಿಗೆ ಮಾಡುವ ಅನ್ಯಾಯ.

1960ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಬರೆದವರಲ್ಲಿ ಒಬ್ಬರು ಅಮೆರಿಕದ ಹಲ್ಲಿನ ವೈದ್ಯ ಗಾರ್ಡ್‌ನರ್, ಇನ್ನೊಬ್ಬರು ಶ್ರವಣ ವಿಜ್ಞಾನಿ ಲಿಕ್ಲೈಡರ್. ಈ ಲಿಕ್ಲೈಡರ್ ಅವರೇ ಮುಂದೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕನಸು ಬಿತ್ತಿ ಇಂಟರ್ನೆಟ್ಟಿನ ಬೇರಿಗೆ ನೀರೆರೆದವರು. ಈ ಲೇಖಕರ ಉಪಾಯ ಸರಳವಾಗಿತ್ತು. ರೋಗಿಯ ಕಿವಿಗೆ ಹೆಡ್‌ಫೋನು, ಕೈಗೆ ಒಂದು ಪುಟ್ಟ ಪೆಟ್ಟಿಗೆ. ಮೊದಲು ಸಂಗೀತ ಕೇಳುತ್ತ ಹಗುರಾಗಬೇಕು. ಹಲ್ಲು ಕೊರೆಯುವಾಗ ನೋವು ಬಂತೆನಿಸಿದರೆ ಜಲಪಾತದಂಥ ಭೋರೆನ್ನುವ ಸದ್ದನ್ನು ತಾನೇ ಏರಿಸಿಕೊಳ್ಳಬೇಕು. ಹಿಂದೆ ಮಂಪರಿನ ಗ್ಯಾಸನ್ನೋ ಇಂಜೆಕ್ಷನ್ನನ್ನೋ ಬೇಡಿದ್ದ 1,000 ರೋಗಿಗಳಲ್ಲಿ ಶೇ. 65 ಮಂದಿಗೆ ಸದ್ದೊಂದೇ ಸಾಕಾಯಿತೆಂದು ಅವರು ವರದಿ ಮಾಡಿದರು. ದಂತ ವೈದ್ಯರು ಆ ಯಂತ್ರಕ್ಕೆ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು, ಬೇರೆಯವರ ಕೈಯಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲವಾಗಿ.

ಏಕೆ ಮಾಡಲಿಲ್ಲ ಎಂಬುದನ್ನು ಹುಡುಕಿದವರು ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್. ಅವರೂ ಅವರ ಸಂಗಡಿಗರೂ 1963ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಇಡೀ ವಿಷಯದ ಬೀಗದ ಕೈ. ಮೂರು ಗುಂಪುಗಳ ಜನರ ಕೈಯನ್ನು ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಇಡಿಸಿದರು. ಒಂದು ಗುಂಪಿಗೆ ಜೋರಾದ ಸಂಗೀತ ಮತ್ತು ಸದ್ದು, ಜೊತೆಗೆ "ಇದು ನೋವನ್ನು ಇಳಿಸುತ್ತದೆ" ಎಂಬ ಬಲವಾದ ಭರವಸೆ. ಎರಡನೆಯ ಗುಂಪಿಗೆ ಬರೀ ಸದ್ದು, ಭರವಸೆಯಿಲ್ಲ. ಮೂರನೆಯದಕ್ಕೆ ಬರೀ ಭರವಸೆ, ಕಿವಿಯಲ್ಲಿ ಹೆಸರಿಗೊಂದು ಗುಂಯ್ ಎನ್ನುವ ಸದ್ದು. ಕೈಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಆದದ್ದು ಮೊದಲನೆಯ ಗುಂಪಿಗೆ ಮಾತ್ರ. ಸದ್ದೊಂದೇ ಸೋತಿತು, ನಂಬಿಕೆಯೊಂದೇ ಸೋತಿತು, ಎರಡೂ ಕೂಡಿದಾಗ ಗೆದ್ದವು. ನಂಬಿಕೆಯಿಂದಷ್ಟೇ ನೋವು ಕಡಿಮೆಯಾಗುತ್ತದೆ ಎನ್ನುವವರೂ, ಧ್ವನಿತರಂಗವೇ ದೇಹವನ್ನು ಸರಿಮಾಡುತ್ತದೆ ಎನ್ನುವವರೂ ಈ ಫಲಿತಾಂಶದ ಎದುರು ಸ್ವಲ್ಪ ನಿಂತು ಯೋಚಿಸಬೇಕು.

ಎರಡು ವರ್ಷದ ನಂತರ, 1965ರಲ್ಲಿ, ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ನೋವಿನ 'ದ್ವಾರ ಸಿದ್ಧಾಂತ' ಮಂಡಿಸಿದರು. ನೋವು ಗಾಯದಿಂದ ಮಿದುಳಿಗೆ ತಂತಿಯಲ್ಲಿ ಹರಿದಂತೆ ನೇರ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೆ ತಡೆಯುಂಟು. ಕಾಲುವೆಯ ತೂಬನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ಎಷ್ಟೇ ನೀರು ಬಂದರೂ ಹೊಲಕ್ಕೆ ಎಷ್ಟು ಹೋಗಬೇಕೆಂಬುದನ್ನು ತೂಬು ಹಿಡಿದವರು ನಿರ್ಧರಿಸುತ್ತಾರೆ. ಇಲ್ಲಿ ತೂಬನ್ನು ಹಿಡಿದವರಲ್ಲಿ ಮಿದುಳೂ ಒಂದು. ಗಮನ, ಭಯ, ನಿರೀಕ್ಷೆ, ಸಮಾಧಾನ ಇವೆಲ್ಲ ಮೇಲಿನಿಂದ ಕೆಳಕ್ಕೆ ಆಜ್ಞೆ ಕಳಿಸಿ ನೋವಿನ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತವೆ. ಮಿದುಳೇ ತಯಾರಿಸುವ, ಅಫೀಮನ್ನು ಹೋಲುವ ಎಂಡಾರ್ಫಿನ್‌ಗಳು ಈ ಕೆಲಸದಲ್ಲಿ ಕೈಜೋಡಿಸುತ್ತವೆ. ಆ ಸಿದ್ಧಾಂತದ ಎಷ್ಟೋ ವಿವರಗಳು ಆಮೇಲೆ ತಿದ್ದಿಸಿಕೊಂಡಿವೆ. ಆದರೆ ನೋವನ್ನು ಮಿದುಳು ಮೇಲಿನಿಂದಲೇ ಹತೋಟಿ ಮಾಡುತ್ತದೆಂಬ ಮಾತು ಗಟ್ಟಿಯಾಗಿ ನಿಂತಿದೆ.

ಸದ್ದು ಈ ಹತೋಟಿಯನ್ನು ಎಲ್ಲಿ ಮುಟ್ಟುತ್ತದೆ? 2022ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದಕ್ಕೊಂದು ಉತ್ತರ ಕಂಡರು. ಪಾದ ಊದಿ ನೋಯುತ್ತಿದ್ದ ಇಲಿಗಳಿಗೆ ಮೂರು ಬಗೆಯ ಸದ್ದು ಕೇಳಿಸಿದರು: ಇಂಪಾದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಅದನ್ನೇ ಅಪಸ್ವರವಾಗಿಸಿದ್ದು, ಮತ್ತು ಬರೀ ಭುಸ್ಸೆನ್ನುವ ಸದ್ದು. ಆಶ್ಚರ್ಯವೆಂದರೆ ಮೂರೂ ನೋವನ್ನು ಇಳಿಸಿದವು. ಆದರೆ ಒಂದು ಕರಾರು: ಸದ್ದು ಹಿನ್ನೆಲೆಗಿಂತ ಸುಮಾರು 5 ಡೆಸಿಬೆಲ್‌ನಷ್ಟೇ, ಅಂದರೆ ಪಿಸುಮಾತಿನಷ್ಟೇ ಮೇಲಿರಬೇಕು. ಅದಕ್ಕಿಂತ ಜೋರು ಮಾಡಿದರೆ ಪರಿಣಾಮ ಮಾಯ. ಹೊಳೆಯುವ ಬಣ್ಣ ಹಚ್ಚಿ ನರಗಳ ಜಾಡು ಹಿಡಿದು ಹೋದಾಗ ದಾರಿ ಕಂಡಿತು. ಮಿದುಳಿನ ಶ್ರವಣ ಭಾಗದಿಂದ, ಸ್ಪರ್ಶ ಮತ್ತು ನೋವಿನ ಸುದ್ದಿ ಹಾದುಹೋಗುವ ಥ್ಯಾಲಮಸ್‌ಗೆ ಎಳೆಗಳಿವೆ. ಮೆಲುಸದ್ದು ಆ ಎಳೆಗಳ ಚಟುವಟಿಕೆ ತಗ್ಗಿಸಿದಾಗ ಥ್ಯಾಲಮಸ್ಸಿನ ಆ ಕೋಶಗಳೂ ತಣ್ಣಗಾಗುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಮೂರು ದಿನ ಕೇಳಿಸಿದರೆ ಸದ್ದು ನಿಂತ ಮೇಲೂ ಎರಡು ದಿನ ಆರಾಮ ಉಳಿಯಿತು. ಇಲಿಗೆ ಭಕ್ತಿಯಿಲ್ಲ, ಬಾಲ್ಯದ ನೆನಪಿನ ಹಾಡಿಲ್ಲ, ವೈದ್ಯರ ಭರವಸೆಯೂ ಇಲ್ಲ. ಆದ್ದರಿಂದ ಸದ್ದಿನ ಪರಿಣಾಮದಲ್ಲಿ ಒಂದು ಪಾಲು ನಂಬಿಕೆಗೆ ಹೊರತಾದದ್ದು ಎಂದು ಈಗ ಹೇಳಬಹುದು. ಇಲಿಯ ಫಲಿತಾಂಶ ಮನುಷ್ಯರಿಗೆ ಹಾಗೆಯೇ ಒಗ್ಗುತ್ತದೆಂದು ಮಾತ್ರ ಯಾರೂ ತಿಳಿಯಬಾರದು.

ಮನುಷ್ಯರಲ್ಲಿ ಲೆಕ್ಕ ಹಾಕಿದವರ ಉತ್ತರ ಹೆಚ್ಚು ತಗ್ಗಿದ ದನಿಯದು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಸಂಗೀತ ನೋವನ್ನು ಸರಾಸರಿ ಅರ್ಧ ಅಂಕದಷ್ಟು ಇಳಿಸುತ್ತದೆಂದು 2006ರ ಒಂದು ದೊಡ್ಡ ಪರಿಶೀಲನೆ ಹೇಳಿತು. 2015ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ವಿಶ್ಲೇಷಣೆ ಸುಮಾರು 7,000 ಶಸ್ತ್ರಚಿಕಿತ್ಸೆ ರೋಗಿಗಳ 70ಕ್ಕೂ ಹೆಚ್ಚು ಪ್ರಯೋಗಗಳನ್ನು ಕೂಡಿಸಿ ನೋಡಿತು. ಸಂಗೀತ ಕೇಳಿದವರಿಗೆ ನೋವು, ಆತಂಕ ಎರಡೂ ಕಡಿಮೆ, ನೋವಿನ ಔಷಧವೂ ಕಡಿಮೆ ಸಾಕಾಯಿತು. ಇದು ಕೊಯ್ದ ಗಾಯದ ನೋವಿನ ಲೆಕ್ಕ. ವರ್ಷಗಟ್ಟಲೆ ಕಾಡುವ ನೋವಿನ ಬಗ್ಗೆ 2017ರಲ್ಲಿ ಮೆಕ್ಸಿಕೊದ ಗಾರ್ಸಾ-ವಿಯಾರ್ರೆಯಾಲ್ ತಂಡ 14 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಅಲ್ಲಿಯೂ ನೋವು, ಆತಂಕ, ಖಿನ್ನತೆ ಇಳಿದವು. ಜೊತೆಗೆ ಇನ್ನೊಂದು ಸಂಗತಿ ಹೊರಬಿತ್ತು: ಸಂಶೋಧಕರು ಆರಿಸಿಕೊಟ್ಟ ಸಂಗೀತಕ್ಕಿಂತ ರೋಗಿ ತಾನೇ ಆರಿಸಿಕೊಂಡ ಸಂಗೀತ ಹೆಚ್ಚು ಆರಾಮ ಕೊಟ್ಟಿತು. ಗಾರ್ಡ್‌ನರ್ ಅವರ ರೋಗಿಯ ಕೈಯಲ್ಲಿದ್ದ ಪೆಟ್ಟಿಗೆ ಇಲ್ಲಿ ಮತ್ತೆ ನೆನಪಾಗುತ್ತದೆ. ಸದ್ದಿನ ಗುಬುಟು ಯಾರ ಕೈಯಲ್ಲಿದೆ ಎಂಬುದು ಸದ್ದಿನಷ್ಟೇ ಮುಖ್ಯ ಎಂದು ನನ್ನ ಎಣಿಕೆ.

ಇನ್ನು ಈ ಸೀಮೆಯ ಜಾತ್ರೆಗೆ ಬರೋಣ. ವೀರಭದ್ರನ ಪುರವಂತರು ಸಂಬಾಳ, ಹಲಗೆಗಳ ಅಬ್ಬರದ ನಡುವೆ ಒಡಪು ಹೇಳುತ್ತ ಗಲ್ಲಕ್ಕೆ, ನಾಲಗೆಗೆ ಶಸ್ತ್ರ ಚುಚ್ಚಿಕೊಳ್ಳುವುದನ್ನು ನೋಡಿದವರಿಗೆ ಅದು ಮರೆಯುವ ದೃಶ್ಯವಲ್ಲ. ಇಷ್ಟು ಜೋರಾದ ಸದ್ದು ಪಿಸುಮಾತಿನ ಆ ಇಲಿ ಪ್ರಯೋಗಕ್ಕೆ ವಿರುದ್ಧವಲ್ಲವೇ? ಇದು ಬೇರೆ ದಾರಿಯೆಂದು ನನಗೆ ತೋರುತ್ತದೆ. ಇಲ್ಲಿ ಪುರವಂತ ಸುಮ್ಮನೆ ಕೇಳುತ್ತಿಲ್ಲ, ಹೆಜ್ಜೆ ಹಾಕುತ್ತಿದ್ದಾನೆ, ಕೂಗುತ್ತಿದ್ದಾನೆ, ಸುತ್ತಲಿನ ನೂರಾರು ಜನರ ಜೊತೆ ಒಂದೇ ಲಯದಲ್ಲಿದ್ದಾನೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇದನ್ನೇ: ಹಾಡುವವರ, ಕುಣಿಯುವವರ, ಡೋಲು ಬಡಿಯುವವರ ನೋವು ತಾಳುವ ಮಟ್ಟ ಏರುತ್ತದೆ, ಸುಮ್ಮನೆ ಕುಳಿತು ಕೇಳಿದವರಲ್ಲಿ ಏರುವುದಿಲ್ಲ. ಅದಕ್ಕೂ ಮೊದಲು ಅಲ್ಲಿಯ ದೋಣಿ ಸ್ಪರ್ಧಿಗಳ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ಪರೀಕ್ಷಿಸಿದ್ದರು. ಒಬ್ಬರೇ ಹುಟ್ಟು ಹಾಕಿದಾಗಲೂ ಜೊತೆಯಾಗಿ ಒಂದೇ ಲಯದಲ್ಲಿ ಹಾಕಿದಾಗಲೂ ದೇಹದ ಶ್ರಮ ಒಂದೇ. ನೋವು ತಾಳುವ ಶಕ್ತಿ ಮಾತ್ರ ಜೊತೆಯಾದಾಗ ಬಹಳ ಹೆಚ್ಚಿತ್ತು. ಎಂಡಾರ್ಫಿನ್‌ಗಳ ಕೆಲಸ ಇದು ಎಂಬುದು ಅವರ ಊಹೆ.

ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು ಬೀಸುವ ಪದ. ಒಂದು ಗೂಟಕ್ಕೆ ಎರಡು ಕೈ, ಎದುರುಬದುರು ಇಬ್ಬರು ಹೆಂಗಸರು, ಕಲ್ಲಿನ ಸುತ್ತಿಗೆ ಸರಿಯಾಗಿ ಸಾಲು ಮುಗಿಯುವ ತ್ರಿಪದಿ. ಕಣದಲ್ಲಿ ಹಂತಿ ಕಟ್ಟಿ ತುಳಿಸುವಾಗಿನ ಹಂತಿ ಪದವೂ ಹಾಗೆಯೇ. ಇವನ್ನು ಜನಪದ ಸಾಹಿತ್ಯ ಎಂದು ಸಂಗ್ರಹಿಸಿ ಮುದ್ರಿಸಿದ್ದೇವೆ, ಅದು ಒಳ್ಳೆಯದೇ. ಆದರೆ ಅವು ದುಡಿಯುವ ದೇಹದ ಸಲಕರಣೆಯೂ ಆಗಿದ್ದವು. ಗಿರಣಿ ಬಂತು, ಒಕ್ಕುವ ಮಷಿನ್ನು ಬಂತು, ಪದ ಹೋದವು. ಗಿರಣಿ ಬಂದದ್ದಕ್ಕೆ ನನಗೆ ಕೊರಗಿಲ್ಲ. ನಸುಕಿನಲ್ಲಿ ಎದ್ದು ಬೀಸುವ ಕಷ್ಟ ತಪ್ಪಿತು. ನಾಟಿಯ ಗದ್ದೆಗೆ ಅಂಥ ಪದ ಕಟ್ಟಿಕೊಳ್ಳುವ ಮೊದಲೇ ಆ ಕೆಲಸ ಗುತ್ತಿಗೆಯ ಅವಸರಕ್ಕೆ ಸಿಕ್ಕಿತೆಂಬುದಷ್ಟೇ ನನ್ನ ಬೇಸರ.

ಭಜನೆಯ ಮುದುಕನ ಮಾತಿಗೆ ಈಗ ಅರ್ಥ ಬರುತ್ತದೆ. ಅವನು ಹಾಡನ್ನು ತಾನೇ ಆರಿಸುತ್ತಾನೆ, ತಾನೇ ಹಾಡುತ್ತಾನೆ, ಇತರರ ತಾಳಕ್ಕೆ ತನ್ನ ತಾಳ ಕೂಡಿಸುತ್ತಾನೆ. ಪದದ ಮಾತಿನ ಒಗಟು ಬಿಡಿಸುವುದರಲ್ಲಿ ಗಮನ ಸಿಕ್ಕಿಬಿದ್ದಿರುತ್ತದೆ. ಉದ್ದನೆಯ ಸಾಲು ಹಾಡಲು ಉಸಿರನ್ನು ನಿಧಾನ ಬಿಡಬೇಕು, ಹಾಗೆ ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಒಂಟಿಯಾಗಿ ಮಲಗಿ ಟೊಂಕವನ್ನೇ ನೆನೆಯುವುದು ತಪ್ಪುತ್ತದೆ. ಇದರಲ್ಲಿ ಎಷ್ಟು ಪಾಲು ಸದ್ದಿನದು, ಎಷ್ಟು ಜೊತೆಗಾರರದು ಎಂದು ಬೇರೆ ಮಾಡಿ ತೂಗುವ ಅಗತ್ಯ ನೋವುಂಡವನಿಗಿಲ್ಲ.

ಆದರೆ ಇದೇ ವಿಷಯವನ್ನು ಮಾರುವವರು ಬಂದಿದ್ದಾರೆ. ಮೊಬೈಲಿನಲ್ಲಿ 432 ಹರ್ಟ್ಸ್‌ನ ಪವಾಡದ ಸದ್ದು, ಮೊಣಕಾಲಿಗೆ ಈ ರಾಗ, ಅರೆದಲೆನೋವಿಗೆ ಆ ರಾಗ ಎಂಬ ಪಟ್ಟಿಗಳು ಸಿಗುತ್ತವೆ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಗೊತ್ತಾದ ಹರ್ಟ್ಸ್ ಎಂಬುದೇ ಇಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಪೇಟಿಯ ಪಟ್ಟಿ ಬದಲಾಗುತ್ತದೆ. ಒಂದೇ ಸಂಖ್ಯೆಯ ಕಂಪನದಲ್ಲಿ ಔಷಧವಿದೆ ಎನ್ನುವವರಿಗೆ ಯಾವ ಭಜನಾ ಮೇಳದ ಪೇಟಿ ಮಾಸ್ತರರೂ ಇದನ್ನು ತಿಳಿಸಿಕೊಡಬಲ್ಲರು. ಸಂಗೀತ ಮಿದುಳಿನ ಮೇಲೆ ಮಾಡುವ ಕೆಲಸವನ್ನು ಶ್ರದ್ಧೆಯಿಂದ ಅಳೆಯುವವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶಾಂತಲಾ ಹೆಗಡೆಯವರು ಕಟ್ಟಿದ ಪ್ರಯೋಗಾಲಯ ಇದಕ್ಕಾಗಿಯೇ ಇದೆ.

ಕಿವಿಗೆ ಕೇಳದ ಸದ್ದಿನ ಚಿಕಿತ್ಸೆಯೂ ಉಂಟು. ಕಲಬುರಗಿ, ರಾಯಚೂರಿನ ಫಿಸಿಯೋಥೆರಪಿ ಕೋಣೆಗಳಲ್ಲಿ ಟೊಂಕಕ್ಕೆ ಜೆಲ್ ಹಚ್ಚಿ ಒಂದು ಗುಂಡನೆಯ ತಲೆಯ ಉಪಕರಣ ಆಡಿಸುತ್ತಾರಲ್ಲ, ಅದು ಅಲ್ಟ್ರಾಸೌಂಡ್. ಸೆಕೆಂಡಿಗೆ ಹತ್ತು ಲಕ್ಷ ಅಥವಾ ಮೂವತ್ತು ಲಕ್ಷ ಕಂಪನ. ಒಳಗೆ ಸ್ವಲ್ಪ ಬಿಸಿಯಾಗುತ್ತದೆ, ಹಿತವೂ ಅನಿಸುತ್ತದೆ. ಹಳೆಯ ಬೆನ್ನುನೋವಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿದೆಯೆನ್ನಲು ಗಟ್ಟಿ ಪುರಾವೆಯಿಲ್ಲವೆಂದು 2020ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಕೂಲಿ ಕಳೆದುಕೊಂಡು, ಬಸ್ಸಿನ ಖರ್ಚು ಹಾಕಿ ಹೋಗುವವರು ಅಲ್ಲಿ ಕೇಳಬೇಕಾದದ್ದು ಯಂತ್ರವನ್ನಲ್ಲ, ಬೆನ್ನು ಗಟ್ಟಿಯಾಗಿಸುವ ವ್ಯಾಯಾಮವನ್ನು.

ಸದ್ದು ಹೆಚ್ಚಾದರೆ ಅದೇ ನೋವಾಗುತ್ತದೆ ಎಂಬುದನ್ನೂ ಹೇಳಬೇಕು. ವಾರಕ್ಕೆ 40 ಗಂಟೆ, 80 ಡೆಸಿಬೆಲ್: ಅಷ್ಟರವರೆಗೆ ಕಿವಿಗೆ ಅಪಾಯವಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮದುವೆ ಮೆರವಣಿಗೆಯ ಡಿಜೆ ಸೆಟ್ಟಿನ ಮುಂದೆ ನಿಂತರೆ ಆ ಪಾಲು ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅರೆದಲೆನೋವಿನವರಿಗೆ ಸಣ್ಣ ಸದ್ದೂ ಸಹಿಸದು, ಅವರಿಗೆ ಕತ್ತಲೆ ಮತ್ತು ಮೌನವೇ ಔಷಧ. ಭಜನೆಗೂ ಗುಡಿಯ ಮೇಲೆ ನಾಲ್ಕು ದಿಕ್ಕಿಗೆ ಲೌಡ್‌ಸ್ಪೀಕರ್ ಕಟ್ಟುವ ರೂಢಿ ಬಂದಿದೆ. ಹಾಡುವವರ ನೋವು ಇಳಿಯಲಿ ಎಂದು ಮಲಗಿದವರ ನಿದ್ದೆ ಕೆಡಿಸಬಾರದು. ನಿದ್ದೆಗೆಟ್ಟ ದೇಹಕ್ಕೆ ನೋವು ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ನೋವಿನ ಕಾರಣದ ಬಗ್ಗೆ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೂ ಬಹಳ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನೆಲುಬು ಬಿಗಿದು ನೋಯುತ್ತವೆ. ಆ ನೋವಿಗೆ ಬೇಕಾದದ್ದು ಒಳ್ಳೆಯ ನೀರು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಹಾಡಿನಿಂದ ಅಂಥ ಗುಳಿಗೆಗಳಲ್ಲಿ ಕೆಲವು ಕಡಿಮೆಯಾದರೂ ನನಗೆ ಅದು ಸಣ್ಣ ಲಾಭವಲ್ಲ.

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರು ಮಲಗುವ ಮುಂಚೆ ಅರ್ಧ ಗಂಟೆ, ತಮಗೆ ಇಷ್ಟವಾದ ಹಾಡನ್ನೇ, ಮಾತು ಕೇಳಿಸುವಷ್ಟು ಮೆಲ್ಲಗೆ ಹಚ್ಚಿಕೊಳ್ಳಲಿ. ಸೊಸೆ ಆರಿಸಿದ್ದು ಬೇಡ, ಮಗ ಕಳಿಸಿದ್ದು ಬೇಡ. ಅದಕ್ಕೆ ದನಿಗೂಡಿಸಿದರೆ ಇನ್ನೂ ಒಳ್ಳೆಯದು. ಬೆಳಗಿನ ನಡಿಗೆಗೂ ವೈದ್ಯರು ಹೇಳಿದ ವ್ಯಾಯಾಮಕ್ಕೂ ಲಯದ ಹಾಡು ಜೊತೆಯಿದ್ದರೆ ಬೇಸರವಿಲ್ಲದೆ ಹೆಚ್ಚು ಹೊತ್ತು ಮಾಡಬಹುದು. ಹಳೆಯ ಬೆನ್ನುನೋವಿಗೆ ದೇಹ ಆಡಿಸುವುದೇ ಮುಖ್ಯ ಔಷಧವಾದ್ದರಿಂದ ಇದು ಬಹುಶಃ ಹಾಡಿನ ಅತಿ ದೊಡ್ಡ ಉಪಕಾರ.

ದೋರನಹಳ್ಳಿಯಂಥ ಊರಿನಲ್ಲಿ ಇದನ್ನು ಅಳೆಯಲೂಬಹುದು. ಆರು ತಿಂಗಳಿಂದ ಟೊಂಕ ನೋಯುತ್ತಿರುವ ಹೆಂಗಸರನ್ನು, ಅವರು ಒಪ್ಪಿದರೆ, ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಎರಡೂ ಗುಂಪಿಗೆ ಒಂದೇ ವ್ಯಾಯಾಮ, ಒಂದೇ ಚಿಕಿತ್ಸೆ. ಒಂದು ಗುಂಪು ಜೊತೆಗೆ ವಾರಕ್ಕೆ ಎರಡು ಸಂಜೆ ಕೂಡಿ ಹಾಡಬೇಕು, ಇನ್ನೊಂದು ಅಷ್ಟೇ ಹೊತ್ತು ಕೂಡಿ ಮಾತಾಡಬೇಕು. ಆಗ ಜೊತೆಯ ಪಾಲನ್ನು ಬಿಟ್ಟು ಹಾಡಿನದೇ ಪಾಲು ಎಷ್ಟು ಎಂಬುದು ತಿಳಿಯುತ್ತದೆ. ಆಶಾ ಕಾರ್ಯಕರ್ತೆ ಮೂರು ತಿಂಗಳು, ವಾರಕ್ಕೊಮ್ಮೆ, ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಷ್ಟು ಗುಳಿಗೆ ನುಂಗಿದರು, ಎಷ್ಟು ದಿನ ಕೂಲಿಗೆ ಹೋದರು ಎಂದು ಬರೆದುಕೊಂಡರೆ ಸಾಕು. ಯಾವ ಪದ ಹಾಡಬೇಕೆಂಬುದನ್ನು ಮಾತ್ರ ಸಂಶೋಧಕರು ಹೇಳಬಾರದು, ಅದನ್ನು ಆ ಹೆಂಗಸರೇ ಆರಿಸಬೇಕು.